ಮೊಮ್ಮಗಳ ಸೆಮಿನಾರು

ಕೆಲವು ವರ್ಷಗಳಿಂದ ನಮ್ಮ ಮನೆಗಳ ಮಾತಿನಲ್ಲಿ ಎರಡು ಹೊಸ ಶಬ್ದಗಳು ಸೇರಿಕೊಂಡಿವೆ. ಒಂದು ‘ಪ್ರಸೆಂಟೇಶನ್’, ಇನ್ನೊಂದು ‘ಕಂಪನಿ ವಿಜಿಟ್’. ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯಲ್ಲಿ ಹಬ್ಬ ಹುಣ್ಣಿಮೆಗಳ ದಿನ ಮರೆತರೂ ಮರೆತೀತು, ಈ ಎರಡರ ದಿನಾಂಕವನ್ನು ಮಾತ್ರ ಯಾರೂ ಮರೆಯುವುದಿಲ್ಲ. ಮಗನೋ ಮಗಳೋ ನಡುರಾತ್ರಿಯವರೆಗೆ ಲ್ಯಾಪ್‌ಟಾಪಿನ ಮುಂದೆ ಕುಳಿತಿರುತ್ತಾರೆ. ತಾಯಿ ಹಾಲು ಕಾಸಿ ಪಕ್ಕದಲ್ಲಿರಿಸಿ ಹೋಗುತ್ತಾಳೆ. ಅದು ಕೆನೆಗಟ್ಟಿ ಆರುತ್ತದೆ. ಮಕ್ಕಳು ಮಾಡುತ್ತಿರುವುದೇನೆಂದು ಹಿರಿಯರು ಕೇಳಿದರೆ ‘ನಿಮಗ ತಿಳ್ಯಂಗಿಲ್ಲ ಬಿಡ್ರಿ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ.

ನನಗೆ ಈ ವಿಷಯವು ಅಷ್ಟಿಷ್ಟು ತಿಳಿದದ್ದು ನನ್ನ ತಂಗಿಯ ಮೊಮ್ಮಗಳಿಂದ. ಆಕೆಯ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ರಸ್ತೆಯಲ್ಲಿರುವ, ಈಚೆಗೆ ತಾಲ್ಲೂಕು ಕೇಂದ್ರವಾದ ಆ ಊರು ಕೆಂಪು ಬಾಳೆಗೆ ಹೆಸರಾದುದು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಬೆಳೆ ಅದು. ಬೇರೆ ಬಾಳೆಗಿಂತ ಹೆಚ್ಚು ತಿಂಗಳು ಕಾಯಿಸುವ, ಆದುದರಿಂದ ರೈತನ ತಾಳ್ಮೆಯನ್ನೂ ಸಾಲವನ್ನೂ ಒಟ್ಟಿಗೆ ಬೆಳೆಸುವ ಬೆಳೆಯೂ ಹೌದು. ಆಕೆಯ ತಂದೆಗೆ ಇರುವುದು ಅಂಥದೊಂದು ಸಣ್ಣ ತೋಟ ಮತ್ತು ಮಳೆಯನ್ನೇ ನಂಬಿದ ತೊಗರಿಯ ಹೊಲ. ಮಗಳು ಹತ್ತನೆಯ ತರಗತಿಯವರೆಗೆ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿ, ಒಳ್ಳೆಯ ಅಂಕ ಪಡೆದು, ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಸಾಯನ್ಸಿಗೆ ಸೇರಿದಳು. ಸಂವಿಧಾನದ 371(ಜೆ) ವಿಧಿಯು 2013ರಿಂದ ಜಾರಿಗೆ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಇಲ್ಲಿಯ ಕಾಲೇಜುಗಳಲ್ಲಿ ಮೀಸಲಾದ ಸೀಟುಗಳು ದೊರೆಯುತ್ತಿವೆ. ಅದರ ಪ್ರಯೋಜನ ಈಕೆಗೂ ಆಯಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದುದರಿಂದ ಹಾಸ್ಟೆಲಿನ ಖರ್ಚು ಬೇಡವೆಂದು ದಿನವೂ ಊರಿನಿಂದಲೇ ಹೋಗಿಬರತೊಡಗಿದಳು. ಕಾಲೇಜು ಬೇಗನೆ ಬಿಟ್ಟ ದಿನ ನಮ್ಮ ಮನೆಗೆ ಬಂದು, ಒಂದು ಬಟ್ಟಲು ಚಹಾ ಕುಡಿದು, ‘ಮುತ್ಯಾ, ಬರ್ತೀನ್ರಿ’ ಎಂದು ಬಸ್ಸು ಹಿಡಿಯುವುದು ಆಕೆಯ ರೂಢಿ.

ನಾನು ಕಂಪ್ಯೂಟರು ಕಲಿತವನಲ್ಲ. ಬಾಲ್ಯದಲ್ಲಿಯೇ ಮಠವನ್ನು ಸೇರಿ, ಅಲ್ಲಿಯ ಪಾಠಶಾಲೆಯಲ್ಲಿ ಅಮರಕೋಶ, ಶಬ್ದಮಣಿದರ್ಪಣಗಳನ್ನು ಬಾಯಿಪಾಠ ಮಾಡಿ, ಮುಂದೆ ಮಕ್ಕಳಿಗೆ ಕನ್ನಡ ಕಲಿಸುತ್ತ ಆಯುಷ್ಯ ಕಳೆದವನು. ಆದರೂ ಈ ‘ಪ್ರಸೆಂಟೇಶನ್’ ಎಂಬುದರ ಬಗ್ಗೆ ನನ್ನದೂ ಒಂದು ಮಾತು ಇದೆ. ಅದನ್ನು ಹೇಳುವ ಮೊದಲು ನಡೆದುದನ್ನು ಹೇಳಬೇಕು.

ಮೂರನೆಯ ವರ್ಷದಲ್ಲಿ ಆಕೆಯ ಸರದಿ ಬಂತು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ವಿಷಯವನ್ನು ಆರಿಸಿಕೊಂಡು, ತರಗತಿಯ ಮುಂದೆ ನಿಂತು, ಪರದೆಯ ಮೇಲೆ ಸ್ಲೈಡುಗಳನ್ನು ತೋರಿಸುತ್ತ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತನಾಡಬೇಕು. ಅನಂತರ ಸಹಪಾಠಿಗಳೂ ಅಧ್ಯಾಪಕರೂ ಪ್ರಶ್ನೆ ಕೇಳುತ್ತಾರೆ. ಈಕೆ ಆರಿಸಿಕೊಂಡ ವಿಷಯ, ಯಂತ್ರವು ಚಿತ್ರವನ್ನು ನೋಡಿ ಅದರಲ್ಲಿರುವುದು ಏನೆಂದು ಗುರುತಿಸುವ ಬಗೆ. ಇಂಟರ್‌ನೆಟ್ಟಿನಿಂದ ಅದನ್ನಿದನ್ನು ಕೂಡಿಸಿ ಇಪ್ಪತ್ತೆರಡು ಸ್ಲೈಡು ಮಾಡಿದ್ದಳು. ಸ್ಲೈಡಿನ ಮೇಲೆ ಬರೆದುದನ್ನೆಲ್ಲ ತರಗತಿಗೆ ಬೆನ್ನು ಮಾಡಿ ಒಂದೇ ಉಸಿರಿನಲ್ಲಿ ಓದಿಬಿಟ್ಟಳು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, ನೀವು ಇಷ್ಟು ಸಲ ಹೇಳಿದ ಆ ‘ಪಿಕ್ಸೆಲ್’ ಎಂದರೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ; ಈಕೆಗಂತೂ ಚೆನ್ನಾಗಿ ಗೊತ್ತು. ಆದರೆ ಬಾಯಿ ಕಟ್ಟಿತು. ಒಂದು ನಿಮಿಷ ನಿಂತಳು. ಹಿಂದಿನಿಂದ ಯಾರೋ ನಕ್ಕರು. ಸಾಕು, ಹೋಗಿ ಕೂಡಿರಿ ಎಂದರು ಅಧ್ಯಾಪಕರು.

ಆ ದಿನ ಆಕೆ ನಮ್ಮ ಮನೆಗೆ ಬರಲಿಲ್ಲ. ನೇರವಾಗಿ ಊರಿಗೆ ಹೋಗಿ ತಾಯಿಯ ಮುಂದೆ, ನಾನು ಇನ್ನು ಕಾಲೇಜಿಗೆ ಹೋಗುವುದಿಲ್ಲ ಎಂದಳಂತೆ. ಮೂರು ದಿನ ಹೋಗಲೂ ಇಲ್ಲ. ಮನೆಯಲ್ಲಿ ಆಗಲೇ ಒಂದು ಸಂಬಂಧದ ಮಾತು ನಡೆದಿತ್ತು. ವರನ ಕಡೆಯವರು ಒಳ್ಳೆಯವರು, ಹೊಲಮನೆ ಇದೆ. ಆಕೆಯ ತಂದೆ ನನಗೆ ಫೋನು ಮಾಡಿ, ‘ಕೂಸೇ ಒಲ್ಲೆ ಅಂತದ ಮಾಮಾ, ಮುಗಿಸಿಬಿಡಾಮೇನ್ರಿ?’ ಎಂದು ಕೇಳಿದರು. ಆ ಮಾತಿನಲ್ಲಿ ಕಠೋರತೆ ಇರಲಿಲ್ಲ. ಫೀಯ ಭಾರ, ಬಾಳೆಯ ಸಾಲ, ಬೆಳೆದ ಮಗಳು ಇವೆಲ್ಲ ಇದ್ದವು. ಹತ್ತು ನಿಮಿಷದ ಒಂದು ಮಾತಿನ ಹಿಂದೆ ಒಂದು ಸಂಸಾರದ ಇಂಥ ನಿರ್ಣಯವು ಕಾದುನಿಂತಿರುತ್ತದೆಂಬುದು ತರಗತಿಯಲ್ಲಿ ನಕ್ಕವರಿಗೆ ತಿಳಿಯಲಾರದು. ‘ಒಂದು ವಾರ ಕೂಸನ್ನ ನನ್ನ ಮನ್ಯಾಗ ಬಿಡ್ರಿ’ ಎಂದೆ.

ನಮ್ಮ ಭಾಗದಲ್ಲಿ ವಿದ್ಯೆಯ ಬಾಗಿಲಿಗೆ ಪರಭಾಷೆಯ ಬೀಗ ಬಿದ್ದಿರುವುದು ಇದೇ ಮೊದಲಲ್ಲ. ನನ್ನ ತಂದೆಯವರು ನಿಜಾಮರ ಕಾಲದ ಶಾಲೆಯಲ್ಲಿ ಉರ್ದುವಿನಲ್ಲಿ ಗಣಿತ ಕಲಿತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಕೊನೆಯವರೆಗೂ ಅವರು ಮಗ್ಗಿಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದುದು ಉರ್ದುವಿನಲ್ಲಿಯೇ. ಆದರೆ ಆ ಸಂಸ್ಥಾನದ ಒಂದು ಕೆಲಸವನ್ನು ಮೆಚ್ಚದೆ ಇರಲಾಗದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನೂ ವೈದ್ಯವನ್ನೂ ಇಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕಾಗಿ ಒಂದು ವರ್ಷ ಮೊದಲೇ ಭಾಷಾಂತರ ವಿಭಾಗವೊಂದನ್ನು ತೆರೆದು, ಪಾಠದ ಪುಸ್ತಕಗಳನ್ನೂ ಪಾರಿಭಾಷಿಕ ಶಬ್ದಗಳನ್ನೂ ಸಿದ್ಧಪಡಿಸಿದ್ದರು. ದೇಶಭಾಷೆಯಲ್ಲಿ ಇಂಜಿನಿಯರಿಂಗ್ ಕಲಿಸಲಾಗದೆಂಬವರಿಗೆ ನೂರು ವರ್ಷ ಹಿಂದಿನ ಈ ಉತ್ತರ ಸಾಕು. ಆ ಭಾಷೆ ಕಲಬುರಗಿಯ ಕನ್ನಡದ ಮಕ್ಕಳದಾಗಿರಲಿಲ್ಲವೆಂಬುದು ಬೇರೆ ಮಾತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರಲ್ಲಿ ನಾವು ಕನ್ನಡ ನಾಡಿಗೆ ಬಂದೆವು. 1958ರಲ್ಲಿ ಮಹಾದೇವಪ್ಪ ರಾಂಪೂರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿ ಈ ಊರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. ಆಗ ಉರ್ದುವಿನ ಬೀಗ ಹೋಗಿ ಇಂಗ್ಲಿಷಿನ ಬೀಗ ಬಿತ್ತು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡದಲ್ಲಿಯೂ ಇಂಜಿನಿಯರಿಂಗ್ ಕಲಿಸಬಹುದೆಂದು ಹಾದಿ ತೆರೆಯಿತು. ಆ ಹಾದಿಯಲ್ಲಿ ನಡೆಯಲು ಬಂದ ಮಕ್ಕಳು ತೀರ ಕಡಿಮೆ. ಅವರನ್ನು ದೂಷಿಸುವಂತಿಲ್ಲ. ಕೆಲಸ ಕೊಡುವ ಕಂಪನಿಯ ಮಾತು ಇಂಗ್ಲಿಷಾಗಿರುವಾಗ ಬಡವರ ಮಗು ಯಾವ ಧೈರ್ಯದಿಂದ ಕನ್ನಡದ ಸೀಟನ್ನು ಆರಿಸಿಕೊಂಡೀತು?

ಮೊಮ್ಮಗಳು ನಮ್ಮ ಮನೆಗೆ ಬಂದ ಮೊದಲ ಸಂಜೆ ನಾನು ಸೆಮಿನಾರಿನ ಮಾತನ್ನೇ ಎತ್ತಲಿಲ್ಲ. ಎರಡನೆಯ ಸಂಜೆ, ‘ನೀ ಕಲಿತದ್ದನ್ನ ನನಗ ಹೇಳವ್ವಾ. ಇಂಗ್ಲಿಷ್ ಬ್ಯಾಡ, ನಮ್ಮ ಮಾತಿನಾಗ ಹೇಳು’ ಎಂದೆ. ಮೊದಲು ಸಂಕೋಚಪಟ್ಟಳು. ಆಮೇಲೆ ಗೋಡೆಗೆ ತೂಗುಹಾಕಿದ್ದ ನನ್ನ ತಾಯಿಯ ಕಾಲದ ಕಸೂತಿಯ ಬಟ್ಟೆಯನ್ನು ಕಂಡು ಆಕೆಗೆ ದಾರಿ ಸಿಕ್ಕಿತು. ಕಸೂತಿ ಹಾಕುವವರು ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಗೋಪುರವನ್ನೋ ತೇರನ್ನೋ ಮೂಡಿಸುವುದಿಲ್ಲವೆ? ಕಂಪ್ಯೂಟರಿಗೂ ಚಿತ್ರವೆಂದರೆ ಅಂಥ ಮನೆಗಳ ಲೆಕ್ಕ. ಒಂದೊಂದು ಮನೆಯೂ ಒಂದು ಪಿಕ್ಸೆಲ್. ಕಪ್ಪುಬಿಳುಪಿನ ಚಿತ್ರವಾದರೆ ಪ್ರತಿಯೊಂದು ಮನೆಯಲ್ಲಿ ಸೊನ್ನೆಯಿಂದ 255ರವರೆಗಿನ ಒಂದು ಅಂಕಿ ಇರುತ್ತದೆ. ಸೊನ್ನೆ ಎಂದರೆ ಕಡುಗಪ್ಪು, 255 ಎಂದರೆ ಅಚ್ಚಬಿಳುಪು, ನಡುವಿನವೆಲ್ಲ ಬೂದು. ಬಣ್ಣದ ಚಿತ್ರವಾದರೆ ಕೆಂಪು, ಹಸಿರು, ನೀಲಿ ಎಂದು ಒಂದೊಂದು ಮನೆಗೆ ಮೂರು ಅಂಕಿ. ಯಂತ್ರ ನೋಡುವುದು ಆಕಾರವನ್ನಲ್ಲ, ಈ ಅಂಕಿಗಳನ್ನು. ಇಷ್ಟನ್ನು ಆಕೆ ಕಾಲು ತಾಸಿನಲ್ಲಿ, ಒಂದು ಕಡೆಯೂ ತಡವರಿಸದೆ, ಕೈಯಾಡಿಸುತ್ತ ಹೇಳಿದಳು. ನಡುವೆ ನನ್ನ ಮನೆಯಾಕೆ ಬಂದು ಕುಳಿತು ಕೇಳತೊಡಗಿದ್ದು ಆಕೆಯ ಗಮನಕ್ಕೂ ಬರಲಿಲ್ಲ. ವಿಷಯ ತಿಳಿದಿತ್ತು, ಹೇಳುವ ಶಕ್ತಿಯೂ ಇತ್ತು.

ಹಾಗಾದರೆ ತರಗತಿಯಲ್ಲಿ ಬಾಯಿ ಕಟ್ಟಿದ್ದೇಕೆ? ಇಂಗ್ಲಿಷೊಂದೇ ಕಾರಣವೆಂದು ಮನೆಯವರೆಲ್ಲರ ಅಭಿಪ್ರಾಯ. ನನಗೆ ಹಾಗೆನಿಸಲಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ಮಕ್ಕಳೂ ಸ್ಲೈಡನ್ನೇ ಓದುತ್ತಾರೆ, ಅವರ ಓದು ಸರಾಗವಾಗಿರುವುದರಿಂದ ಅದು ಮಾತಿನಂತೆ ಕೇಳಿಸುತ್ತದೆ, ಅಷ್ಟೆ. ಪವರ್‌ಪಾಯಿಂಟ್ ಎಂಬ ಈ ಸಾಧನವು 1987ರಲ್ಲಿ ಹೊರಬಂದದ್ದು ವ್ಯಾಪಾರದ ಸಭೆಗಳಿಗಾಗಿ. ಅಲ್ಲಿ ಹೇಳುವವನಿಗೆ ಮಾರುವ ಗರಜು, ಕೇಳುವವನಿಗೆ ಸಮಯದ ಅಭಾವ. ಅದನ್ನೇ ತಂದು ಕಲಿಯುವ ಮಕ್ಕಳ ಕೈಗೆ ಕೊಟ್ಟರೆ ಅವರು ಕಲಿತುದನ್ನು ಹೇಳುವ ಬದಲು ಬರೆದುದನ್ನು ತೋರಿಸುತ್ತಾರೆ. ಪ್ರಶ್ನೆ ಬಂದಾಗ ತೋರಿಸಲು ಏನೂ ಇರುವುದಿಲ್ಲ.

ನಮ್ಮ ಪಾಠಶಾಲೆಯಲ್ಲಿ ಕ್ರಮವು ತಿರುಗುಮುರುಗಾಗಿತ್ತು. ಒಂದು ಸೂತ್ರವನ್ನು ಎದ್ದುನಿಂತು ಹೇಳುವುದು ಸುಲಭದ ಭಾಗ, ಬಾಯಿಪಾಠವಾಗಿದ್ದರೆ ಆಯಿತು. ಅನಂತರ ಗುರುಗಳು ನಮ್ಮ ಜೊತೆಯ ಹುಡುಗನೊಬ್ಬನನ್ನು ಎಬ್ಬಿಸಿ, ‘ಇವನ ಮಾತಿಗೆ ಆಕ್ಷೇಪ ತೆಗಿ’ ಎನ್ನುತ್ತಿದ್ದರು. ಆತ ತೆಗೆದ ಆಕ್ಷೇಪವನ್ನು ನಾವು ಮೊದಲು ನಮ್ಮ ಬಾಯಿಂದ, ಆತ ಹೇಳಿದ್ದಕ್ಕಿಂತ ಗಟ್ಟಿಯಾಗಿ ಹೇಳಬೇಕು. ಅದಕ್ಕೆ ಪೂರ್ವಪಕ್ಷವೆಂದು ಹೆಸರು. ಆ ಮೇಲೆಯೇ ಸಮಾಧಾನ. ಉತ್ತರ ಗೊತ್ತಿಲ್ಲದಿದ್ದರೆ ‘ತಿಳಿಯದು, ವಿಚಾರಿಸಿ ಹೇಳುವೆ’ ಎನ್ನಲು ಅವಕಾಶವಿತ್ತು. ಸುಮ್ಮನೆ ನಿಲ್ಲಲು ಇರಲಿಲ್ಲ. ಶ್ರಾವಣದಲ್ಲಿ ಹಳ್ಳಿಹಳ್ಳಿಗೂ ಹೋಗಿ ತಿಂಗಳುಗಟ್ಟಲೆ ಪುರಾಣ ಹೇಳುವವರನ್ನು ನೋಡಿರಿ. ಕೈಯಲ್ಲಿ ಚೀಟಿಯಿಲ್ಲ, ಹಿಂದೆ ಪರದೆಯಿಲ್ಲ. ಕೂತ ಜನರ ಮುಖವೇ ಅವರ ಪುಸ್ತಕ. ಮುಂದಿನ ಸಾಲಿನ ಮುದುಕಿ ತೂಕಡಿಸಿದಳೆಂದರೆ ಅವರಿಗೆ ಕಥೆಯನ್ನು ಎಲ್ಲಿ ಬಿಗಿಯಬೇಕೆಂಬುದು ತಿಳಿಯುತ್ತದೆ. ನಮ್ಮ ಹುಡುಗಿಯೂ ಅಂಥ ಪುರಾಣಗಳನ್ನು ತಾಯಿಯ ಮಡಿಲಲ್ಲಿ ಕುಳಿತು ಕೇಳಿದವಳೇ.

ಹೀಗೆ ದಿನವೂ ಸಂಜೆ ನಾನು ಆಕ್ಷೇಪ ತೆಗೆಯುವವನಾದೆ. ಯಂತ್ರಕ್ಕೆ ಕಣ್ಣಿಲ್ಲ, ಅದು ನೋಡುತ್ತದೆಂದು ಏಕೆ ಅನ್ನುತ್ತೀ? ಬರಿಯ ಅಂಕಿಗಳಿಂದ ಆಕಳಿಗೂ ಎಮ್ಮೆಗೂ ಭೇದ ಹೇಗೆ ತಿಳಿದೀತು? ತಪ್ಪು ಹೇಳಿದರೆ ಅದಕ್ಕೆ ಶಿಕ್ಷೆ ಯಾರು ಕೊಡುತ್ತಾರೆ? ನನ್ನ ಅಜ್ಞಾನವೇ ಇಲ್ಲಿ ಉಪಯೋಗಕ್ಕೆ ಬಂತು. ತಿಳಿದವರಿಗೆ ಇಂಥ ಪ್ರಶ್ನೆಗಳು ಹೊಳೆಯಲಾರವು. ಕೆಲವಕ್ಕೆ ಆಕೆ ಕೂಡಲೇ ಉತ್ತರ ಕೊಟ್ಟಳು, ಕೆಲವಕ್ಕೆ ಮರುದಿನ ಪುಸ್ತಕ ನೋಡಿ ಬಂದಳು. ವಾರ ಮುಗಿಯುವುದರೊಳಗೆ ಕಾಲೇಜಿಗೆ ಹೋಗತೊಡಗಿದಳು. ಸಂಬಂಧದವರಿಗೆ ಪರೀಕ್ಷೆ ಮುಗಿಯಲಿ ಎಂದು ಹೇಳಿಕಳಿಸಲಾಯಿತು.

ಅಷ್ಟರಲ್ಲಿ ಕಂಪನಿ ವಿಜಿಟ್ ಬಂತು. ಬೆಂಗಳೂರಿಗೆ ಹೋಗಿಬರಲು ನಾಲ್ಕು ದಿನ, ತಲೆಗೆ ಕೆಲವು ಸಾವಿರ ರೂಪಾಯಿ. ಖರ್ಚಿಗಿಂತ ದೊಡ್ಡ ಚಿಂತೆ ತಾಯಿಯದು. ಬೆಳೆದ ಹುಡುಗಿ, ಜೊತೆಗೆ ಗಂಡುಹುಡುಗರು, ರಾತ್ರಿಯ ರೈಲು. ನನ್ನನ್ನು ಕೇಳಿದರು. ‘ನಿಮ್ಮ ಅತ್ತಿ ಯುಗಾದಿ ಮುಂದ ಶ್ರೀಶೈಲಕ್ಕ ನಡಕೋತ ಹೋಗಿಬಂದಾಕಿ. ಎಷ್ಟು ರಾತ್ರಿ ಹಾದ್ಯಾಗ ಮಲಗಿರಬೇಕು? ಆಗ ಯಾರರ ಏನರ ಅಂದಿದ್ದರೇನು?’ ಎಂದೆ. ತಾಯಿ ನಕ್ಕಳು. ತಂಗಿಯೂ, ‘ಹೋಗಲಿ ಬಿಡು, ನಾ ಹೋದಾಗ ಕಾಲಿಗಿ ಚಪ್ಪಲಿನೂ ಇದ್ದಿಲ್ಲ’ ಎಂದು ಸಮ್ಮತಿ ಕೊಟ್ಟಳು. ಮಾಡಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಇಡೀ ಡಬ್ಬಿಯ ಹುಡುಗಿಯರಿಗೆ ಸಾಕಾಯಿತಂತೆ.

ಕಲಬುರಗಿಯಿಂದ ಹೈದರಾಬಾದು ಸುಮಾರು 220 ಕಿಲೋಮೀಟರು. ಬೆಂಗಳೂರು ರೈಲಿನಲ್ಲಿ ಸುಮಾರು 550. ನಮ್ಮ ಹಿರಿಯರಿಗೆ ಪಟ್ಟಣವೆಂದರೆ ಹೈದರಾಬಾದೇ ಆಗಿತ್ತು, ಈಗಲೂ ದೊಡ್ಡ ಕಾಯಿಲೆಗೆ ಅಲ್ಲಿಗೇ ಓಡುತ್ತೇವೆ. ಆದರೆ ಕಂಪ್ಯೂಟರ್ ಓದಿದ ಮಕ್ಕಳ ಕನಸಿನಲ್ಲಿ ಬರುವುದು ಬೆಂಗಳೂರು. ಅದಕ್ಕೆ ಕಾರಣಗಳಿವೆ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ದೂರದೃಷ್ಟಿಯಿಂದ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. 1983ರಲ್ಲಿ ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ನೆಲೆಯೂರಿತು. ಒಂದರ ಹಿಂದೆ ಒಂದು ಬಂದು ಊರೇ ಬೇರೆಯಾಯಿತು. ನಮ್ಮ ಭಾಗದ ರೈತರ ಮಕ್ಕಳು ಅಲ್ಲಿಗೆ ಹೋಗಿ ಮನೆ ಕಟ್ಟಿದ ಉದಾಹರಣೆಗಳು ಕಮಲಾಪುರದಲ್ಲಿಯೂ ಉಂಟು.

ಹೋಗಿಬಂದ ಮೇಲೆ ಆಕೆ ಹೇಳಿದ್ದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇನೆ. ಕಂಪನಿಯ ಹೆಸರು ಬೇಡ, ಇದು ಅದೊಂದರ ಮಾತಲ್ಲ. ದ್ವಾರದಲ್ಲಿ ಗುರುತಿನ ಚೀಟಿ ನೋಡಿದರು, ಫೋನುಗಳ ಕ್ಯಾಮೆರಾದ ಮೇಲೆ ಕಾಗದದ ಚುಕ್ಕೆ ಅಂಟಿಸಿದರು. ತಣ್ಣಗಿನ ಸಭಾಂಗಣದಲ್ಲಿ ಕೂಡಿಸಿ ಒಂದು ತಾಸು ಕಂಪನಿಯ ಹಿರಿಮೆಯ ಸ್ಲೈಡುಗಳನ್ನು ತೋರಿಸಿದರು. ಹೇಳಿದ ಹೆಣ್ಣುಮಗಳು ಸ್ಲೈಡನ್ನೇ ಓದಿದಳೆಂದು ನಮ್ಮ ಹುಡುಗಿ ಸಂತೋಷದಿಂದ ಹೇಳಿದಳು. ಅನಂತರ ಊಟ, ಊಟ ಬಹಳ ಚೆನ್ನಾಗಿತ್ತು. ಕಾರಂಜಿಯ ಮುಂದೆ ನಿಂತು ಫೋಟೋ. ಕೆಲಸ ಮಾಡುವವರು ಕೂಡುವ ಕೋಣೆಗಳನ್ನು ಗಾಜಿನ ಹೊರಗಿನಿಂದ ನೋಡಿದರು, ಒಳಗೆ ಬಿಡಲಿಲ್ಲ. ಪರದೇಶದ ಗಿರಾಕಿಗಳ ಮಾಹಿತಿ ಅಲ್ಲಿರುವುದರಿಂದ ಹೊರಗಿನವರನ್ನು ಬಿಡುವಂತಿಲ್ಲವೆಂಬ ಅವರ ಮಾತು ನ್ಯಾಯವಾದುದೇ. ಆದರೆ ಕೆಲಸವನ್ನು ನೋಡಲೆಂದು ಅಷ್ಟು ದೂರ ಹೋದ ಮಕ್ಕಳು ಕುರ್ಚಿಗಳ ಬೆನ್ನನ್ನು ನೋಡಿಬಂದರು. ‘ಏನ್ ನೋಡಿದಿ?’ ಎಂದರೆ, ‘ಎಲ್ಲಾರೂ ಕುಂತು ಟೈಪ್ ಮಾಡ್ಲಾಕತ್ತಿದ್ರು ಮುತ್ಯಾ’ ಎಂದಳು. ಕಾಲೇಜಿಗೆ ವರದಿ ಕೊಡಬೇಕಾಗಿತ್ತು. ಎಲ್ಲರೂ ಕಂಪನಿಯ ಪತ್ರಿಕೆಯಲ್ಲಿದ್ದುದನ್ನೇ ನಕಲು ಮಾಡಿದರು.

ಆ ಪ್ರವಾಸ ನಿರರ್ಥಕವಾಯಿತೆಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಕಟ್ಟಡದ ಬಾಗಿಲು ತಾನೂ ದಾಟಬಹುದೆಂಬ ಭಾವನೆ ಹಳ್ಳಿಯ ಹುಡುಗಿಗೆ ಬಂದರೆ ಅದಕ್ಕೂ ಬೆಲೆಯಿದೆ. ಆದರೆ ಆಕೆಯ ವಿಷಯಕ್ಕೆ ಅದರಿಂದ ಹನಿ ನೀರೂ ಬೀಳಲಿಲ್ಲ. ಅದು ಬಿದ್ದದ್ದು ಕಪನೂರದಲ್ಲಿ.

ಕಮಲಾಪುರದಿಂದ ಕಲಬುರಗಿಗೆ ಬರುವಾಗ ನಗರದ ಅಂಚಿನಲ್ಲಿ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಬೇಳೆಯ ಗಿರಣಿಗಳು, ಒಣಗಲು ಹರವಿದ ತೊಗರಿಯ ಅಂಗಳಗಳು, ಹೊಟ್ಟಿನ ಧೂಳು. ಕಲಬುರಗಿಯನ್ನು ತೊಗರಿಯ ಕಣಜವೆನ್ನುವುದು ಸುಮ್ಮನೆ ಅಲ್ಲ. ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮೂರು ವರ್ಷ ದಿನಕ್ಕೆರಡು ಸಲ ಆಕೆ ಆ ಗಿರಣಿಗಳ ಮುಂದಿನಿಂದ ಹಾದುಹೋಗಿದ್ದಾಳೆ, ಒಳಗೆ ಹೋದವಳಲ್ಲ. ನನ್ನ ಹಳೆಯ ಶಿಷ್ಯನೊಬ್ಬ ಅಲ್ಲಿ ಗಿರಣಿ ನಡೆಸುತ್ತಾನೆ. ಆತ ಒಮ್ಮೆ ಮನೆಗೆ ಬಂದಾಗ ತನ್ನ ಹೊಸ ಯಂತ್ರದ ವರ್ಣನೆ ಮಾಡುತ್ತ, ‘ಕಾಳು ಬೀಳುವಾಗನೇ ಫೋಟೋ ಹಿಡಿತದ್ರಿ ಗುರುಗಳೇ’ ಎಂದ. ಮೊಮ್ಮಗಳು ಒಳಗಿನಿಂದ ಎದ್ದು ಬಂದಳು.

ಮುಂದಿನ ಆದಿತ್ಯವಾರ ನಾವಿಬ್ಬರೂ ಹೋದೆವು. ಗಿರಣಿಯವನು ಮೊದಲಿನಿಂದ ತೋರಿಸಿದ. ತೊಗರಿಯನ್ನು ಹಸನು ಮಾಡಿ, ಒರಟು ಕಲ್ಲಿನ ಉರುಳೆಯಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸುತ್ತಾರೆ. ಆಮೇಲೆ ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹರವುತ್ತಾರೆ. ಸಿಪ್ಪೆ ಸಡಿಲಾದ ಮೇಲೆ ಸುಲಿದು ಬೇಳೆ ಒಡೆಯುತ್ತಾರೆ. ಕಡೆಯಲ್ಲಿ ನಿಂತಿದೆ ಆ ಯಂತ್ರ. ಎಲ್ಲರೂ ಅದನ್ನು ‘ಸಾರ್ಟೆಕ್ಸ್’ ಎನ್ನುತ್ತಾರೆ. ಅದು ವಾಸ್ತವವಾಗಿ ಇಂಗ್ಲೆಂಡಿನ ಒಂದು ಕಂಪನಿಯ ಹೆಸರು. ವನಸ್ಪತಿಗೆಲ್ಲ ಡಾಲ್ಡಾ ಎಂಬ ಹೆಸರು ಬಿದ್ದಂತೆ ಬಣ್ಣ ನೋಡಿ ಕಾಳು ಬೇರ್ಪಡಿಸುವ ಯಂತ್ರಕ್ಕೆಲ್ಲ ಆ ಹೆಸರು ನಿಂತಿದೆ. ಮೇಲಿನಿಂದ ಬೇಳೆಯು ಇಳಿಜಾರು ಕಾಲುವೆಗಳಲ್ಲಿ ಒಂದರ ಮೇಲೊಂದು ಬೀಳದಂತೆ ಜಾರುತ್ತದೆ. ಬಾಯಿಯ ಹತ್ತಿರ ಎರಡೂ ಕಡೆ ದೀಪಗಳು, ಕ್ಯಾಮೆರಾಗಳು. ಕಪ್ಪು ಕಾಳು, ಸಿಪ್ಪೆ ಉಳಿದದ್ದು, ಕಲ್ಲಿನ ಚೂರು ಕಂಡರೆ ಕೆಳಗಿನ ಸಣ್ಣ ಕೊಳವೆಯಿಂದ ಗಾಳಿ ‘ಟಪ್’ ಎಂದು ಊದಿ ಅದೊಂದನ್ನೇ ಹೊರಗೆ ಹಾರಿಸುತ್ತದೆ. ಕಾಳು ಬೀಳುವ ಆ ಕ್ಷಣದೊಳಗೆ ನೋಡುವುದು, ನಿರ್ಣಯಿಸುವುದು, ಊದುವುದು ಮೂರೂ ಮುಗಿಯಬೇಕು. ಮೊಮ್ಮಗಳು ಬಹಳ ಹೊತ್ತು ಅಲ್ಲಿಯೇ ನಿಂತಳು. ತನ್ನ ಇಪ್ಪತ್ತೆರಡು ಸ್ಲೈಡುಗಳು ಕಣ್ಣ ಮುಂದೆ ಮಳೆಯಂತೆ ಸುರಿಯುತ್ತಿದ್ದವು.

ಯಂತ್ರದ ಬದಿಯಲ್ಲಿ ನಾಲ್ವರು ಹೆಂಗಸರು ಮೊರ ಹಿಡಿದು ಕುಳಿತಿದ್ದರು. ಹೊರಬಿದ್ದ ಕಾಳಿನಲ್ಲಿ ಒಳ್ಳೆಯದೇನಾದರೂ ಹಾರಿಹೋಗಿದೆಯೇ ಎಂದು ಮತ್ತೊಮ್ಮೆ ಆರಿಸುವುದು ಅವರ ಕೆಲಸ. ಯಂತ್ರ ಬರುವ ಮೊದಲು ಇಡೀ ಕೋಣೆಯ ತುಂಬ ಹೆಂಗಸರು ಸಾಲಾಗಿ ಕುಳಿತು ಕೈಯಿಂದಲೇ ಆರಿಸುತ್ತಿದ್ದರಂತೆ. ಅವರಲ್ಲಿ ಹಿರಿಯಳಾದ ಒಬ್ಬ ತಾಯಿಯನ್ನು ನಮ್ಮ ಹುಡುಗಿ ಮಾತನಾಡಿಸಿದಳು. ಆಕೆ ಹೇಳಿದ ಒಂದು ಸಂಗತಿಯನ್ನು ಗಿರಣಿಯವನೂ ನಮಗೆ ಹೇಳಿರಲಿಲ್ಲ. ಯಂತ್ರ ಕೂಡಿಸಲು ಬಂದ ಇಂಜಿನಿಯರು ಮೊದಲ ದಿನ ಈ ಹೆಂಗಸರನ್ನೇ ಕರೆದು, ಒಂದು ತಾಟಿನ ತುಂಬ ಒಳ್ಳೆಯ ಬೇಳೆ, ಇನ್ನೊಂದು ತಾಟಿನ ತುಂಬ ಕೆಟ್ಟದ್ದನ್ನು ಆರಿಸಿಕೊಡಿರೆಂದು ಕೇಳಿದನಂತೆ. ಅದನ್ನು ಯಂತ್ರಕ್ಕೆ ತೋರಿಸಿದ ಮೇಲೆಯೇ ಅದಕ್ಕೆ ಭೇದ ತಿಳಿಯತೊಡಗಿತು. ‘ಎರಡ ತಾಟ ಆರಿಸಿಕೊಟ್ವಿ ನೋಡವ್ವಾ. ಮರುತಿಂಗಳ ನಮ್ಮಾಗ ಹತ್ತು ಮಂದಿಗಿ ಬ್ಯಾಡ ಅಂದ್ರು’ ಎಂದಳು ಆ ತಾಯಿ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಮಾತ್ರ ಕಾಳಿನಲ್ಲಿ ಆಡುತ್ತಲೇ ಇತ್ತು.

ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ನನಗೆ ಇನ್ನೊಂದು ಸಂಗತಿ ಹೇಳಿದಳು. ಯಂತ್ರಗಳು ಚಿತ್ರ ಗುರುತಿಸುವುದರಲ್ಲಿ ದೊಡ್ಡ ಜಿಗಿತ ಕಂಡದ್ದು 2012ರಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದ ಹಿಂಟನ್ ಎಂಬ ಪಂಡಿತರೂ ಅವರ ಇಬ್ಬರು ಶಿಷ್ಯರೂ ಹನ್ನೆರಡು ಲಕ್ಷದಷ್ಟು ಚಿತ್ರಗಳನ್ನು ಯಂತ್ರಕ್ಕೆ ತೋರಿಸಿ, ಸಾವಿರ ಬಗೆಯ ವಸ್ತುಗಳನ್ನು ಗುರುತಿಸಲು ಕಲಿಸಿದರು. ಹಿಂಟನ್ನರಿಗೆ 2024ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆದರೆ ಆ ಚಿತ್ರಗಳಲ್ಲಿ ಇದು ನಾಯಿ, ಇದು ಬಟ್ಟಲು ಎಂದು ಹೆಸರು ಹಚ್ಚಿಕೊಟ್ಟವರು ಬೇರೆಬೇರೆ ದೇಶಗಳ ಸಾವಿರಾರು ಜನ, ಇಷ್ಟು ಚಿತ್ರಕ್ಕೆ ಇಷ್ಟು ಬಿಡಿಗಾಸೆಂದು ಕೂಲಿ ಪಡೆದವರು. ಇದೆಲ್ಲ ಆಕೆಯ ಮೊದಲ ಸೆಮಿನಾರಿನ ಸ್ಲೈಡಿನಲ್ಲಿ ಒಂದು ಸಾಲಾಗಿ ಇತ್ತಂತೆ. ‘ಓದಿದ್ದೆ ಮುತ್ಯಾ, ಇವತ್ತು ನೋಡಿದೆ’ ಎಂದಳು.

ಅಂತಿಮ ವರ್ಷದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಂತೆ ಟೆಕ್ನಿಕಲ್ ಸೆಮಿನಾರು ಇರುತ್ತದೆ, ಅದಕ್ಕೆ ಅಂಕಗಳೂ ಉಂಟು. ಆಕೆ ಅದೇ ವಿಷಯವನ್ನು ಮತ್ತೆ ಆರಿಸಿಕೊಂಡಳು. ಗೆಳತಿಯರು ಬೇಡವೆಂದರು, ಒಮ್ಮೆ ಬಿದ್ದ ಬಾವಿಯ ಹತ್ತಿರ ಮತ್ತೆ ಏಕೆ? ಈ ಸಲ ಸ್ಲೈಡುಗಳು ಐದು. ಮೊದಲನೆಯದರಲ್ಲಿ ಅಕ್ಷರವೇ ಇಲ್ಲ, ಒಂದು ಮೊರ ಬೇಳೆಯ ಚಿತ್ರ. ಎರಡು ಪೊಟ್ಟಣಗಳಲ್ಲಿ ಒಳ್ಳೆಯ ಬೇಳೆ, ಕೆಟ್ಟ ಬೇಳೆ ಒಯ್ದು ಮುಂದಿನ ಬೆಂಚಿನ ಮೇಲೆ ಸುರಿದು, ನೀವೇ ಆರಿಸಿರಿ, ಹೇಗೆ ಆರಿಸಿದಿರಿ ಎಂಬುದನ್ನು ಹೇಳಿರಿ ಎಂದಳಂತೆ. ಆರಿಸಿದರು, ಹೇಗೆಂದು ಹೇಳಲು ಬರಲಿಲ್ಲ. ಅಲ್ಲಿಂದ ಆಕೆಯ ಮಾತು ಆರಂಭವಾಯಿತು. ಇಂಗ್ಲಿಷು ಸಣ್ಣ ಸಣ್ಣ ವಾಕ್ಯಗಳದು. ವ್ಯಾಕರಣ ಕೆಲವೆಡೆ ತಪ್ಪಿತೆಂದು ತಾನೇ ಹೇಳಿದಳು. ಯಂತ್ರಕ್ಕೆ ಕಣ್ಣಿಲ್ಲವೆಂಬ ನನ್ನ ಆಕ್ಷೇಪವನ್ನು ಮೂರನೆಯ ಸ್ಲೈಡಿನಲ್ಲಿ ತಾನೇ ಎತ್ತಿ ತಾನೇ ಪರಿಹರಿಸಿದ್ದಳು.

ಪ್ರಶ್ನೆಗಳು ಬಂದವು. ಕಾಳು ಒದ್ದೆಯಿದ್ದರೆ ಬಣ್ಣ ಬದಲಾಗುವುದಿಲ್ಲವೆ? ದೀಪ ಮಂದವಾದರೆ? ಇವಕ್ಕೆ ಆಕೆಯ ಬಳಿ ಉತ್ತರವಿತ್ತು, ಗಿರಣಿಯಲ್ಲಿ ಕೇಳಿಕೊಂಡು ಬಂದಿದ್ದಳು. ಕೊನೆಗೆ ಹಿಂದಿನ ಬೆ೦ಚಿನ ಹುಡುಗನೊಬ್ಬ ಎದ್ದು, ಆ ಹತ್ತು ಮಂದಿ ಹೆಂಗಸರು ಈಗ ಎಲ್ಲಿದ್ದಾರೆ ಎಂದು ಕೇಳಿದ. ಆಕೆ ಸ್ವಲ್ಪ ನಿಂತು, ತನಗೆ ತಿಳಿಯದು, ವಿಚಾರಿಸಿ ಹೇಳುವೆ ಎಂದಳು. ಅದನ್ನು ಕನ್ನಡದಲ್ಲಿಯೇ ಹೇಳಿದಳಂತೆ, ಅಧ್ಯಾಪಕರೂ ಏನೂ ಅನ್ನಲಿಲ್ಲ. ಅಂಕಗಳು ಚೆನ್ನಾಗಿಯೇ ಬಂದವು.

ಕೆಲಸ ಕೊಡಲು ಕಾಲೇಜಿಗೆ ಬಂದ ಮೊದಲ ಕಂಪನಿಯ ಎರಡು ಸುತ್ತುಗಳಲ್ಲಿ ಆಕೆ ಪಾರಾದಳು, ಮೂರನೆಯದರಲ್ಲಿ ನಿಂತಿತು. ಎರಡನೆಯ ಕಂಪನಿಯ ಉತ್ತರ ಇನ್ನೂ ಬಂದಿಲ್ಲ. ಈ ನಡುವೆ ಗಿರಣಿಯ ನನ್ನ ಶಿಷ್ಯ ಒಂದು ಮಾತು ತೆಗೆದಿದ್ದಾನೆ. ಈ ವರ್ಷ ಕೆಲವು ಹೊಲಗಳ ತೊಗರಿಯ ಬೇಳೆ ತುಸು ಮಾಸಲು ಬಣ್ಣಕ್ಕಿದೆ. ತಿನ್ನಲು ಏನೂ ಕೆಟ್ಟದ್ದಲ್ಲ, ಆದರೆ ಯಂತ್ರವು ಅದನ್ನೂ ಹೊರಗೆ ಊದುತ್ತಿದೆ. ಕೂಸು ಬಂದು ನೋಡಬಹುದೇ ಎಂದು ಕೇಳಿದ. ಮೂರು ಆದಿತ್ಯವಾರಗಳಿಂದ ಆಕೆ ಹೋಗುತ್ತಿದ್ದಾಳೆ. ಆ ಹಿರಿಯ ತಾಯಿಯೊಡನೆ ಕುಳಿತು ಹೊಸದಾಗಿ ಎರಡು ತಾಟು ಆರಿಸುತ್ತಿದ್ದಾರಂತೆ. ಆ ತಾಯಿಯ ದಿನಗೂಲಿಯನ್ನು ಆ ಹೊತ್ತಿಗೂ ಹಿಡಿಯಬೇಕೆಂದು ಮೊಮ್ಮಗಳೇ ಗಿರಣಿಯವನಿಗೆ ಹೇಳಿದಳೆಂದು ಕೇಳಿದೆ, ಆತ ಒಪ್ಪಿಕೊಂಡಿದ್ದಾನೆ. ಉಳಿದ ಹತ್ತು ಮಂದಿಯಲ್ಲಿ ನಾಲ್ವರ ಮನೆ ಪತ್ತೆಯಾಗಿದೆ. ಆಕೆಯ ತಂದೆ ಮೊನ್ನೆ ಬಾಳೆಯ ಗೊನೆ ಹೊತ್ತು ನಮ್ಮ ಮನೆಗೆ ಬಂದಿದ್ದರು. ಸಂಬಂಧದವರಿಗೆ ಯುಗಾದಿಯವರೆಗೆ ತಡೆಯಲು ಹೇಳಿದ್ದಾರಂತೆ.